ಸಭೆ ಬಿಟ್ಟು ಕ್ರಿಸ್ತನನ್ನು ಉಳಿಸಿಕೊಳ್ಳಬಹುದೇ?

ಬಾವುಟಗುಡ್ಡ:
ಸಭೆಗಳಲ್ಲಿ, ಅಂದರೆ ಚರ್ಚುಗಳಲ್ಲಿ, ಏನೇನು ಹುಳುಕಿದೆ ಅನ್ನುವ ಚರ್ಚೆಗೆ ಈ ಜಾಲವೇದಿಕೆಯಲ್ಲಿ ಆಗಲೇ ಎರಡು ಸಲ ಬೀಗ ಬಿದ್ದಿದೆ. ಅದನ್ನು ಮತ್ತೆ ತೆರೆಯುವುದು ಬೇಡ. ನಾನು ಕೇಳುತ್ತಿರುವುದು ಬೇರೆ. ಪಾದ್ರಿ, ಬಿಷಪ್, ರಿಜಿಸ್ಟರು, ಚಂದಾ, ಆಸ್ತಿ ಎಲ್ಲವನ್ನೂ ಕಳಚಿಟ್ಟರೆ ಕ್ರೈಸ್ತ ನಂಬಿಕೆ ನಿಲ್ಲುತ್ತದೆಯೇ? ನಿಂತರೆ ಎಷ್ಟು ತಲೆಮಾರು?

"ಆಗದ ಮಾತು" ಅನ್ನುವವರ ಮುಂದೆ ಒಂದು ಉದಾಹರಣೆ ಇಡುತ್ತೇನೆ. ಜಪಾನಿನ ಮುಕ್ಯೋಕಾಯ್. 'ಮು' ಅಂದರೆ ಇಲ್ಲ, 'ಕ್ಯೋಕಾಯ್' ಅಂದರೆ ಚರ್ಚು. ಇದರ ಮೂಲಪುರುಷ ಉಚಿಮುರಾ ಕಾಂಜೋ (1861–1930) ಸಪ್ಪೊರೊ ಕೃಷಿ ಕಾಲೇಜಿನಲ್ಲಿ ಓದುವಾಗ 1878ರಲ್ಲಿ ಮೆಥಡಿಸ್ಟ್ ಮಿಷನರಿಯೊಬ್ಬರಿಂದ ದೀಕ್ಷಾಸ್ನಾನ ಪಡೆದ. ಚರ್ಚಿಲ್ಲದ ಕ್ರೈಸ್ತ ಅನ್ನುವ ಮಾತು ಅವನ 1893ರ ಪುಸ್ತಕದಲ್ಲಿ ಬಂತು, 1901ರಲ್ಲಿ ಅದೇ ಹೆಸರಿನ ಪತ್ರಿಕೆಯೂ ಹೊರಟಿತು. ವ್ಯವಸ್ಥೆ ತೀರಾ ಸರಳ. ಭಾನುವಾರ ಒಂದು ಸಭಾಂಗಣ ಅಥವಾ ಯಾರದಾದರೂ ಮನೆ, ಒಬ್ಬರಿಂದ ಬೈಬಲ್ ಪಾಠ, ಹಾಡು, ಪ್ರಾರ್ಥನೆ, ಆಮೇಲೆ ಮನೆ ದಾರಿ. ಅಭಿಷೇಕವಾದ ಪಾದ್ರಿ ಇಲ್ಲ, ಸದಸ್ಯರ ಪಟ್ಟಿ ಇಲ್ಲ, ದೀಕ್ಷಾಸ್ನಾನವಾಗಲಿ ಕರ್ತನ ರಾತ್ರಿಭೋಜನವಾಗಲಿ ಕಡ್ಡಾಯವಲ್ಲ. 1941ರಲ್ಲಿ ಜಪಾನ್ ಸರ್ಕಾರ ಪ್ರಾಟೆಸ್ಟಂಟ್ ಸಭೆಗಳನ್ನೆಲ್ಲ ಒಂದೇ ಒಕ್ಕೂಟಕ್ಕೆ ತಳ್ಳಿದಾಗ ಇವರು ಹೊರಗೇ ಉಳಿದರು. ಸೇರಿಸಿಕೊಳ್ಳಲು ಇವರ ಬಳಿ ಕಚೇರಿಯೂ ಇರಲಿಲ್ಲ, ಸಹಿ ಹಾಕುವ ಅಧ್ಯಕ್ಷನೂ ಇರಲಿಲ್ಲ. ಈ ಬಳಗದ ಯಾನೈಹಾರಾ ತದಾವೋ ಯುದ್ಧವಿರೋಧಿ ಬರಹಕ್ಕಾಗಿ 1937ರಲ್ಲಿ ಟೋಕಿಯೊ ವಿಶ್ವವಿದ್ಯಾಲಯದ ಕೆಲಸ ಕಳೆದುಕೊಂಡವರು. 1951ರಲ್ಲಿ ಅದೇ ವಿಶ್ವವಿದ್ಯಾಲಯದ ಅಧ್ಯಕ್ಷರಾದರು.

ದಂಡು ಪ್ರದೇಶ:
ಉದಾಹರಣೆ ಚೆನ್ನಾಗಿದೆ ಸರ್. ಆದರೆ ಅದೇ ಜಪಾನಿನಲ್ಲಿ ಅದಕ್ಕಿಂತ ದೊಡ್ಡ ಪರೀಕ್ಷೆಯೊಂದು ಮೊದಲೇ ನಡೆದುಹೋಗಿದೆ, ಅದರ ಫಲಿತಾಂಶ ನಿಮ್ಮ ಕಡೆಗಿಲ್ಲ.

1614ರಲ್ಲಿ ಕ್ರೈಸ್ತ ಧರ್ಮಕ್ಕೆ ನಿಷೇಧ. 1644ರ ಹೊತ್ತಿಗೆ ದೇಶದೊಳಗಿದ್ದ ಕೊನೆಯ ಪಾದ್ರಿಯೂ ಹುತಾತ್ಮ. 1865ರ ಮಾರ್ಚ್ 17ರಂದು ನಾಗಸಾಕಿಯ ಔರಾ ಚರ್ಚಿಗೆ ಉರಾಕಾಮಿ ಹಳ್ಳಿಯ ಜನ ಬಂದು ಫ್ರೆಂಚ್ ಪಾದ್ರಿ ಪೆತಿಝಾನ್ ಅವರ ಮುಂದೆ ತಾವೂ ಅದೇ ನಂಬಿಕೆಯವರು ಅಂದರು. ನಡುವೆ ಇನ್ನೂರಿಪ್ಪತ್ತು ವರ್ಷ ಪಾದ್ರಿಯಿಲ್ಲ, ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. ಸಂಸ್ಥೆ ಇಲ್ಲದೆ ಉಳಿದರು ಅಂತ ಇದನ್ನೇ ಎಲ್ಲರೂ ಉದಾಹರಿಸುತ್ತಾರೆ. ಅವರು ಉಳಿದದ್ದು ಹೇಗೆ ಅಂತ ನೋಡಿ. ಆ ಕಡೆಯ ಹಳ್ಳಿಗಳಲ್ಲಿ ಮೂರು ಹುದ್ದೆಗಳಿದ್ದವು. ಚೋಕಾತಾ ಪಂಚಾಂಗ ಇಟ್ಟುಕೊಂಡವನು. ಹಬ್ಬ ಯಾವತ್ತು, ಉಪವಾಸ ಯಾವತ್ತು, ಯಾವ ದಿನ ಹೊಲದ ಕೆಲಸ ಕೂಡದು ಎಂದು ಲೆಕ್ಕ ಹಾಕುವವನು. ಮಿಝುಕಾತಾ ನೀರು ಹೊಯ್ದು ದೀಕ್ಷೆ ಕೊಡುವವನು. ಕಿಕಿಯಾಕು ಪಂಚಾಂಗದ ಸುದ್ದಿಯನ್ನು ಮನೆಮನೆಗೆ ಮುಟ್ಟಿಸುವವನು. ಪಾದ್ರಿ ಇರಲಿಲ್ಲ, ನಿಜ. ಸಂಘಟನೆ ಮಾತ್ರ ನಮ್ಮ ಎಷ್ಟೋ ಧರ್ಮಕೇಂದ್ರಗಳಿಗಿಂತ ಬಿಗಿಯಾಗಿತ್ತು.

ಇದು ಸಾಧ್ಯವಾದದ್ದಕ್ಕೆ ಶಾಸ್ತ್ರದ ಕಾರಣವೂ ಇದೆ. ಕಥೋಲಿಕ ನಿಯಮದಲ್ಲಿ ಅಗತ್ಯ ಬಿದ್ದರೆ ಯಾರು ಬೇಕಾದರೂ ದೀಕ್ಷಾಸ್ನಾನ ಕೊಡಬಹುದು. ಬೇಕಾದದ್ದು ನೀರು, ಪಿತ ಸುತ ಪವಿತ್ರಾತ್ಮರ ನಾಮದ ಸೂತ್ರ, ಧರ್ಮಸಭೆ ಮಾಡುವುದನ್ನೇ ತಾನೂ ಮಾಡುತ್ತಿದ್ದೇನೆ ಅನ್ನುವ ಉದ್ದೇಶ. ಮದುವೆಗೂ ಹಾಗೆಯೇ. ಗುರುಗಳು ಒಂದು ತಿಂಗಳ ಮಟ್ಟಿಗೆ ಸಿಗುವಂತಿಲ್ಲ ಅಂತಾದರೆ ಇಬ್ಬರು ಸಾಕ್ಷಿಗಳ ಮುಂದೆ ಆದ ಮದುವೆ ಸಿಂಧು (ಕ್ಯಾನನ್, ಅಂದರೆ ಧರ್ಮಸಭೆಯ ಕಾನೂನಿನ ವಿಧಿ, 1116). ಪರಮಪ್ರಸಾದ (ಬಲಿಪೂಜೆಯ ರೊಟ್ಟಿ, ದ್ರಾಕ್ಷಾರಸ), ಪಾಪನಿವೇದನೆ ಮಾತ್ರ ಗುರುಗಳಿಲ್ಲದೆ ಇಲ್ಲವೇ ಇಲ್ಲ. ಏನು ಉಳಿಯುತ್ತದೆ ಏನು ಉದುರುತ್ತದೆ ಅನ್ನುವ ಪಟ್ಟಿ ಇಷ್ಟು ನಿಖರವಾಗಿ ಮೊದಲೇ ಬರೆದಿಟ್ಟದ್ದು ಇದೆ.

ಕೆಟ್ಟದ್ದು ಎಲ್ಲಿ ಅಂದರೆ, ಬಾಯಿಂದ ಬಾಯಿಗೆ ಬಂದ ಸೂತ್ರ ಕೆಲವು ಕಡೆ ಸವೆದುಹೋಗಿತ್ತು. ಲ್ಯಾಟಿನ್, ಪೋರ್ಚುಗೀಸ್ ಪ್ರಾರ್ಥನೆಗಳು ಅರ್ಥ ತಿಳಿಯದ ಮಂತ್ರಗಳಾಗಿದ್ದವು. ಪಾದ್ರಿಗಳು ಮರಳಿದ ಮೇಲೆ ಒಂದು ಪಾಲು ಜನ ಅವರ ಕಡೆಗೆ ಬರಲೇ ಇಲ್ಲ, ಹಿರಿಯರು ಬಿಟ್ಟುಹೋದದ್ದೇ ತಮ್ಮ ಧರ್ಮ ಅಂದರು.

ಮೊಗ್ಗಿನ ಜಡೆ:
ಇಬ್ಬರೋ ಮೂವರೋ ನನ್ನ ಹೆಸರಲ್ಲಿ ಕೂಡಿದ ಕಡೆ ನಾನಿದ್ದೇನೆ ಅಂತ ಯೇಸುವೇ ಹೇಳಿಬಿಟ್ಟಿದ್ದಾನೆ. ಮತ್ತಾಯ 18:20. ಅಷ್ಟು ಸಾಕಲ್ಲ, ಇದಕ್ಕೆ ಇಷ್ಟುದ್ದ ಚರ್ಚೆ ಯಾಕೆ?

ಘಟ್ಟದ ಕೆಳಗೆ:
ಮೇಡಂ, ಆ ವಚನದ ಮೇಲಿನ ಐದು ವಚನ ಓದಿ. 15ನೆಯದು: ಸಹೋದರ ತಪ್ಪು ಮಾಡಿದರೆ ಒಬ್ಬನೇ ಹೋಗಿ ಹೇಳು. 16: ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು. 17: ಆಗಲೂ ಕೇಳದಿದ್ದರೆ ಸಭೆಗೆ ತಿಳಿಸು, ಸಭೆಯ ಮಾತನ್ನೂ ಕೇಳದಿದ್ದರೆ ಹೊರಗಿನವನಂತೆ ಎಣಿಸು. ಅದು ಜಗಳ ಬಗೆಹರಿಸುವ ಕ್ರಮ, ಹಂತ ಹಂತವಾಗಿ ಹಾಕಿದ್ದು. 20ನೆಯ ವಚನದ ಇಬ್ಬರು ಮೂವರು ಬಂದದ್ದು ಆ ಸಾಕ್ಷಿಗಳ ಮಾತಿನ ಬೆನ್ನಿಗೆ. ನಾಲ್ಕು ಸುವಾರ್ತೆಗಳಲ್ಲಿ ಎಕ್ಲೇಸಿಯಾ, ಅಂದರೆ ಸಭೆ ಅನ್ನುವ ಗ್ರೀಕ್ ಪದ ಕಾಣುವುದು ಮತ್ತಾಯನ ಎರಡು ವಚನಗಳಲ್ಲಿ ಮಾತ್ರ, 16:18 ಮತ್ತು 18:17. ಸಭೆ ಬೇಡ ಅನ್ನುವವರು ಎತ್ತಿ ಹಿಡಿಯುವ ವಚನ ಅದರ ಪಕ್ಕದಲ್ಲೇ ಕೂತಿದೆ.

ಹಾಗಂತ ಬಿಷಪ್ ಕಚೇರಿ, ಸಿನೊಡ್ (ಚರ್ಚಿನ ಆಡಳಿತ ಮಂಡಳಿ) ಚುನಾವಣೆ ಎಲ್ಲ ಆ ವಚನದಿಂದ ಇಳಿದು ಬಂದದ್ದು ಅಂತ ನಾನು ಹೇಳುತ್ತಿಲ್ಲ. ಒಬ್ಬನೇ ಕೋಣೆಯಲ್ಲಿ ಕೂತರೆ 'ನೀನು ತಪ್ಪಿದೆ' ಅನ್ನುವವರು ಇರುವುದಿಲ್ಲ ಅಂತಷ್ಟೇ.

ತಾಳೆಗರಿ:
ಆರಂಭದ ಸಭೆಗೆ ನಿಯಮವಿರಲಿಲ್ಲ, ಎಲ್ಲ ಮನೆಯ ಹಾಗೆ ಇತ್ತು ಅನ್ನುವವರು ದಿದಖೆ ಓದಬೇಕು. ಹಳೆಯ ಗ್ರೀಕ್ ಕೈಪಿಡಿ. ಮೊದಲ ಶತಮಾನದ ಕೊನೆಯದೋ ಎರಡನೆಯದರ ಮೊದಲಿನದೋ ಅನ್ನುತ್ತಾರೆ. ಹಸ್ತಪ್ರತಿ 1873ರಲ್ಲಿ ಕಾನ್‌ಸ್ಟಾಂಟಿನೋಪಲ್‌ನಲ್ಲಿ ಸಿಕ್ಕಿತು, 1883ರಲ್ಲಿ ಅಚ್ಚಾಯಿತು. ಒಳಗೆ ಏನಿದೆ ನೋಡಿ.

ದೀಕ್ಷಾಸ್ನಾನಕ್ಕೆ ಹರಿಯುವ ನೀರು. ಇಲ್ಲದಿದ್ದರೆ ನಿಂತ ನೀರಾದರೂ ಸರಿ. ತಣ್ಣೀರು ಆಗದಿದ್ದರೆ ಬಿಸಿನೀರು. ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಹೊಯ್ಯಿರಿ. ಪಡೆಯುವವನು ಒಂದೆರಡು ದಿನ ಮೊದಲೇ ಉಪವಾಸವಿರಲಿ. ಬುಧವಾರ, ಶುಕ್ರವಾರ ಉಪವಾಸ. ಕರ್ತನ ಪ್ರಾರ್ಥನೆ ದಿನಕ್ಕೆ ಮೂರು ಸಲ. ಊರೂರು ತಿರುಗುವ ಬೋಧಕ ಬಂದರೆ ಒಂದು ದಿನ ಇಟ್ಟುಕೊಳ್ಳಿ, ಬೇಕಾದರೆ ಎರಡು. ಮೂರು ದಿನ ಕೂತರೆ ಅವನು ಸುಳ್ಳು ಪ್ರವಾದಿ. ಹೊರಡುವಾಗ ರೊಟ್ಟಿ ಮಾತ್ರ ಕೊಡಿ, ದುಡ್ಡು ಕೇಳಿದರೆ ಅವನೂ ಸುಳ್ಳು ಪ್ರವಾದಿ.

ಕೊನೆಯ ಎರಡು ನಿಯಮ ಯಾಕೆ ಬರೆದರು? ಅಂಥವರು ಬರುತ್ತಿದ್ದರು, ಅದಕ್ಕೇ. ಕಟ್ಟಡವಿಲ್ಲದ, ಮನೆಯೊಳಗೆ ಸೇರುವ ನಂಬಿಕೆಗೂ ಎರಡನೆಯ ತಲೆಮಾರಿಗೇ ನಿಯಮ ಬೇಕಾಯಿತು. ಈಗಿನ ಕೆಲವು ಸುವಾರ್ತಾಕೂಟಗಳ ಬಾಗಿಲಿಗೆ ಈ ಎರಡು ನಿಯಮ ಅಂಟಿಸಿದರೆ ಸಾಕು, ಕುರ್ಚಿಗಳು ಖಾಲಿ ಆಗುತ್ತವೆ. ವೇದಿಕೆಯೂ.

ಬಾವುಟಗುಡ್ಡ:
ದಂಡು ಪ್ರದೇಶದವರ ಮಾತು ಒಪ್ಪಿದೆ, ನನ್ನ ಪ್ರಶ್ನೆಯನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಎರಡು ಗಂಟುಗಳನ್ನು ಒಂದೇ ಅಂದುಕೊಂಡಿದ್ದೆವು. ದೀಕ್ಷಾಸ್ನಾನ, ಪರಮಪ್ರಸಾದದಂಥ ಸಂಸ್ಕಾರ ಒಂದು, ಸಂಘಟನೆ ಇನ್ನೊಂದು. ನಿಷೇಧದ ಕಾಲದಲ್ಲಿ ಗುಟ್ಟಾಗಿ ಉಳಿದ ಆ ಮುಚ್ಚಿಟ್ಟ ಕ್ರೈಸ್ತರಿಗೆ ಸಂಸ್ಕಾರ ಹೆಚ್ಚೂಕಡಿಮೆ ಹೋಗಿತ್ತು, ಸಂಘಟನೆ ಉಳಿದಿತ್ತು. ಮುಕ್ಯೋಕಾಯ್‌ನವರು ಎರಡನ್ನೂ ತಾವಾಗಿಯೇ ಕೈಬಿಟ್ಟರು.

ಉಪ್ಪಿನಂಗಡಿ ಸಾಲು:
ಹಾಗೆ ಬಿಡಿಸಿದರೆ ಸಾಲ್ವೇಷನ್ ಆರ್ಮಿ ಅನ್ನುವ ಪ್ರಾಟೆಸ್ಟಂಟ್ ಪಂಗಡವನ್ನೂ ನೋಡಿ. 1883ರಲ್ಲೇ ದೀಕ್ಷಾಸ್ನಾನ, ರಾತ್ರಿಭೋಜನ ಎರಡನ್ನೂ ಕೈಬಿಟ್ಟರು. ಸಮವಸ್ತ್ರ, ಕ್ಯಾಪ್ಟನ್, ಮೇಜರ್, ಜನರಲ್ ಎಲ್ಲ ಇದ್ದಾರೆ. ಇಂಗ್ಲೆಂಡಿನಲ್ಲಿ ಹುಟ್ಟಿದ ಕ್ವೇಕರ್ ಪಂಗಡದ ಹಳೆಯ ಪದ್ಧತಿಯಲ್ಲಿ ಪಾದ್ರಿಯೂ ಇಲ್ಲ, ಸಂಸ್ಕಾರವೂ ಇಲ್ಲ, ಮೌನವೇ ಆರಾಧನೆ. ಆದರೆ ಅವರ ವ್ಯವಹಾರದ ಕೂಟದಲ್ಲಿ ಮತ ಎಣಿಸುವುದಿಲ್ಲ. ಗುಮಾಸ್ತ ಅಲ್ಲೇ ಕೂತು ನಡಾವಳಿ ಬರೆದು, ಓದಿ ಹೇಳಿ, ಎಲ್ಲರೂ ಹೂಂ ಅಂದ ಮೇಲೆ ಮುಂದಿನ ವಿಷಯ. ಮುನ್ನೂರೈವತ್ತು ವರ್ಷ ಆ ಮೌನವನ್ನು ಕಾದದ್ದು ಆ ನಡಾವಳಿ ಪುಸ್ತಕ.

ಕೆಂಪು ಶಾಯಿ:
ಮುಕ್ಯೋಕಾಯ್ ಬಗ್ಗೆ ಅರ್ಧ ಮಾತ್ರ ಹೇಳಿದ್ದೀರಿ ಬಾವುಟಗುಡ್ಡದವರೇ. ಸಂಘಟನೆಯನ್ನು ಅವರು ಕೈಬಿಡಲಿಲ್ಲ, ಅದರ ಜಾಗಕ್ಕೆ ಗುರು–ಶಿಷ್ಯ ಸಂಬಂಧ ತಂದರು. ಪ್ರತಿ ಗುಂಪಿಗೂ ಒಬ್ಬ ಸೆನ್ಸೆಯ್, ಅಂದರೆ ಗುರು, ಅವರ ಪಾಠ, ಅವರದೇ ಮಾಸಪತ್ರಿಕೆ. ಚಂದಾದಾರರ ಪಟ್ಟಿಯೇ ಸದಸ್ಯರ ಪಟ್ಟಿ. ಉಚಿಮುರಾನ ಬೈಬಲ್ ಅಧ್ಯಯನದ ಪತ್ರಿಕೆ 1900ರಿಂದ 1930ರವರೆಗೆ 357 ಸಂಚಿಕೆ ಬಂತು. ಅದೇ ಅವರ ಕಟ್ಟಡ.

ಈ ಅಪಾಯ ಅವನಿಗೂ ಗೊತ್ತಿತ್ತು. ತಾನು ಸತ್ತ ಮೇಲೆ ಪತ್ರಿಕೆ ನಿಲ್ಲಿಸಬೇಕು, ತನ್ನ ಕೂಟ ಚೆದುರಬೇಕು ಎಂದು ಹೇಳಿಟ್ಟಿದ್ದ, ಹಾಗೆಯೇ ಆಯಿತು. ಶಿಷ್ಯರು ಒಬ್ಬೊಬ್ಬರೂ ತಮ್ಮ ತಮ್ಮ ಕೂಟ, ತಮ್ಮ ತಮ್ಮ ಪತ್ರಿಕೆ ಶುರುಮಾಡಿದರು. ಗುರು ತೀರಿಕೊಂಡಾಗ ಗುಂಪೂ ತೀರಿಕೊಳ್ಳುವುದು ಇಲ್ಲಿ ದೋಷವಲ್ಲ, ಅವರು ಬೇಕೆಂದೇ ಇಟ್ಟುಕೊಂಡ ಪದ್ಧತಿ. ಬೆಲೆಯನ್ನೂ ತೆತ್ತರು. ಓದು ಬರಹದ ಮೇಲೆ ನಿಂತ ಗುಂಪಿಗೆ ಪ್ರೊಫೆಸರರು, ಮೇಷ್ಟ್ರುಗಳು, ಅಧಿಕಾರಿಗಳು ಬಂದಷ್ಟು ಸುಲಭವಾಗಿ ಮೀನುಗಾರರು ಬರಲಿಲ್ಲ. ನಾಗಸಾಕಿಯ ಮುಚ್ಚಿಟ್ಟ ಕ್ರೈಸ್ತರಲ್ಲಿ ಇದ್ದವರು ಹೆಚ್ಚಾಗಿ ಮೀನುಗಾರರು, ರೈತರೇ.

ಕೊರಿಯಾದಲ್ಲಿ ಅವನ ಶಿಷ್ಯ ಕಿಮ್ ಕ್ಯೋ ಶಿನ್ 1927ರಲ್ಲಿ ಗೆಳೆಯರ ಜತೆ ಶುರುಮಾಡಿದ ಪತ್ರಿಕೆಯನ್ನು 1942ರಲ್ಲಿ ಜಪಾನೀ ಆಡಳಿತ ಮುಚ್ಚಿಸಿತು, ಅವನನ್ನು ಜೈಲಿಗೆ ಹಾಕಿತು. ಹಿಡಿಯಲು ಕಚೇರಿ ಇಲ್ಲದಿದ್ದರೂ ಅಚ್ಚುಮೊಳೆ ಸಿಗುತ್ತದೆ.

ಮೊಗ್ಗಿನ ಜಡೆ:
ಹಿಟ್ಲರನನ್ನು ವಿರೋಧಿಸಿದ ಜರ್ಮನ್ ಪಾದ್ರಿ ಬಾನ್‌ಹಾಫರ್ ಕೂಡ ಧರ್ಮರಹಿತ ಕ್ರೈಸ್ತತ್ವ ಅಂದವನಲ್ಲವೇ?

ಘಟ್ಟದ ಕೆಳಗೆ:
ಅಂದವನು. 1944ರ ಏಪ್ರಿಲ್ 30ರಂದು ಟೇಗೆಲ್ ಜೈಲಿನಿಂದ ಗೆಳೆಯ ಬೆಟ್ಗೆಗೆ ಬರೆದ ಪತ್ರದಲ್ಲಿ. ಆದರೆ ಅದೇ ಜೈಲಿನಲ್ಲಿ ದಿನಾ ಕೀರ್ತನೆ ಓದುತ್ತಿದ್ದ, ಮೊರೇವಿಯನ್ ಪಂಗಡದವರು 1731ರಿಂದ ಅಚ್ಚು ಹಾಕುತ್ತಿರುವ ದಿನವಚನದ ಪುಸ್ತಕವನ್ನು ಬಿಡಲಿಲ್ಲ. ಅದಕ್ಕೂ ಮೊದಲು ಫಿಂಕೆನ್‌ವಾಲ್ಡೆಯಲ್ಲಿ ಪಾದ್ರಿಗಳನ್ನು ತಯಾರು ಮಾಡುವ ಶಾಲೆಯನ್ನೇ ನಡೆಸಿದವನು. ಭಾನುವಾರ ಹಾಸಿಗೆಯಿಂದ ಏಳದಿರುವುದಕ್ಕೆ ಅವನ ಸಾಕ್ಷಿ ಸಿಗುವುದಿಲ್ಲ.

ಮೈನ್ ದಂಡೆ:
ಜರ್ಮನಿಗೆ ಕೆಲಸಕ್ಕೆ ಬರುವ ಕನ್ನಡದ ಕ್ರೈಸ್ತರಿಗೆ ಈ ಪ್ರಶ್ನೆ ಮೊದಲ ವಾರವೇ ಅರ್ಜಿಯ ರೂಪದಲ್ಲಿ ಬರುತ್ತದೆ. ವಿಳಾಸ ನೋಂದಣಿಯ ಫಾರಂನಲ್ಲಿ ಧರ್ಮದ ಕಾಲಂ ಇದೆ. ರೋಮನ್ ಕಥೋಲಿಕ ಅಥವಾ ಎವಾಂಜೆಲಿಕಲ್ (ಅಲ್ಲಿ ಪ್ರಾಟೆಸ್ಟಂಟ್ ಅಂತ ಅರ್ಥ) ಅಂತ ತುಂಬಿದರೆ ಸಂಬಳದಿಂದ ಚರ್ಚ್ ತೆರಿಗೆ ಕಡಿತ. ಬವೇರಿಯಾ, ಬಾಡೆನ್ ವುರ್ಟೆಂಬರ್ಗ್ ರಾಜ್ಯಗಳಲ್ಲಿ ನಿಮ್ಮ ಆದಾಯ ತೆರಿಗೆಯ 8%, ಉಳಿದ ರಾಜ್ಯಗಳಲ್ಲಿ 9%. ಗಮನಿಸಿ, ಸಂಬಳದ 9% ಅಲ್ಲ, ತೆರಿಗೆಯ 9%. ತಿಂಗಳಿಗೆ 600 ಯೂರೊ ಆದಾಯ ತೆರಿಗೆ ಬಿದ್ದರೆ ಅದರ ಮೇಲೆ 54.

ಬಿಡಬೇಕಾದರೆ ಪಾದ್ರಿಯ ಹತ್ತಿರ ಹೋಗುವಂತಿಲ್ಲ. ರಾಜ್ಯ ನೋಡಿಕೊಂಡು ಸಿವಿಲ್ ನೋಂದಣಿ ಕಚೇರಿಗೋ ಸ್ಥಳೀಯ ನ್ಯಾಯಾಲಯಕ್ಕೋ ಗುರುತಿನ ಚೀಟಿ ಹಿಡಿದು ಖುದ್ದಾಗಿ ಹೋಗಬೇಕು. ಹೆಚ್ಚಿನ ಕಡೆ ಶುಲ್ಕವಿದೆ. ಕೊಟ್ಟ ಪ್ರಮಾಣಪತ್ರವನ್ನು ಜೀವನಪೂರ್ತಿ ಜೋಪಾನ ಮಾಡಿ, ವರ್ಷಗಳ ನಂತರವೂ ತೋರಿಸು ಅನ್ನುವುದುಂಟು.

ಈ ಚರ್ಚೆಯ ಪ್ರಶ್ನೆಯೇ ಒಮ್ಮೆ ನ್ಯಾಯಾಲಯಕ್ಕೂ ಹೋಗಿತ್ತು. ಅದನ್ನು ಎತ್ತಿದವರು ಫ್ರೈಬುರ್ಗ್‌ನ ಚರ್ಚ್ ಕಾನೂನು ಪ್ರಾಧ್ಯಾಪಕರು, 2007ರಲ್ಲಿ. ತೆರಿಗೆ ಕೀಳುವ ಸಾರ್ವಜನಿಕ ಸಂಸ್ಥೆಯಿಂದ ಮಾತ್ರ ಹೊರಬರುತ್ತೇನೆ, ನಂಬಿಕೆಯ ಸಮುದಾಯದಿಂದಲ್ಲ ಅಂದರು. 2012ರ ಸೆಪ್ಟೆಂಬರಿನಲ್ಲಿ ಲೈಪ್ಸಿಗ್‌ನ ಅತ್ಯುನ್ನತ ಆಡಳಿತ ನ್ಯಾಯಾಲಯ ಸರ್ಕಾರದ ದೃಷ್ಟಿಯಲ್ಲಿ ಅರ್ಧ ಹೊರಬರುವುದು ಅಂತ ಇಲ್ಲ ಅಂದಿತು. ಅದೇ ತಿಂಗಳು ಜರ್ಮನ್ ಬಿಷಪರ ಆದೇಶವೂ ಜಾರಿಯಾಯಿತು: ಹೊರಬಂದವರಿಗೆ ಸಂಸ್ಕಾರಗಳಿಲ್ಲ. ರೋಮಿನ ಲೆಕ್ಕ ಬೇರೆ. 2009ರಲ್ಲಿ ವಿಧಿವತ್ತಾಗಿ ಧರ್ಮಸಭೆ ತೊರೆಯುವ ಮಾತನ್ನೇ ಮದುವೆಯ ಕ್ಯಾನನ್‌ಗಳಿಂದ ತೆಗೆದುಹಾಕಿದರು. ದೀಕ್ಷಾಸ್ನಾನದ ಮುದ್ರೆ ಅಳಿಸದು, ಅಂದರೆ ತೆರಿಗೆ ಬಿಟ್ಟವನೂ ರೋಮಿನ ಪುಸ್ತಕದಲ್ಲಿ ಕಥೋಲಿಕನೇ.

ಕಾನೂನು ಕಟ್ಟೆ:
ಭಾರತದ ಲೆಕ್ಕ ಇನ್ನೂ ಕುತೂಹಲದ್ದು. ಇಲ್ಲಿನ ಕಾನೂನಿಗೆ ನಿಮ್ಮ ಸಭೆ ಯಾವುದು ಅನ್ನುವುದು ಬಹುತೇಕ ಬೇಕಾಗಿಲ್ಲ.

1872ರ ಭಾರತೀಯ ಕ್ರೈಸ್ತ ವಿವಾಹ ಕಾಯ್ದೆಯಲ್ಲಿ ಕ್ರೈಸ್ತ ಅಂದರೆ ಕ್ರೈಸ್ತ ಧರ್ಮ ತನ್ನದು ಎಂದು ಹೇಳಿಕೊಳ್ಳುವವನು, ಅಷ್ಟೇ. 1925ರ ಉತ್ತರಾಧಿಕಾರ ಕಾಯ್ದೆ ಕ್ರೈಸ್ತ ಧರ್ಮದ 'ಯಾವುದೇ ರೂಪ'ವನ್ನು ಅನುಸರಿಸುವ ಭಾರತೀಯ ಅನ್ನುತ್ತದೆ. ಸಭೆ ಬಿಟ್ಟ ಕ್ರೈಸ್ತ ಉಯಿಲು ಬರೆಯದೆ ತೀರಿಕೊಂಡರೂ ಹೆಂಡತಿಗೆ ಮೂರನೆಯ ಒಂದು, ಮಕ್ಕಳಿಗೆ ಮೂರನೆಯ ಎರಡು ಪಾಲು.

ಮದುವೆಯಲ್ಲಿ ಮಾತ್ರ ಎಡವುತ್ತಾರೆ. ಮನೆಯಲ್ಲಿ ಹಿರಿಯರೊಬ್ಬರು ಪ್ರಾರ್ಥಿಸಿ, ಉಂಗುರ ಬದಲಾಯಿಸಿದರೆ ಆಯಿತು ಅಂದುಕೊಳ್ಳುತ್ತಾರೆ. ಆಗುವುದಿಲ್ಲ. 4ನೇ ಕಲಮಿನ ಪ್ರಕಾರ, ಇಬ್ಬರಲ್ಲಿ ಒಬ್ಬರು ಕ್ರೈಸ್ತರಾದರೂ ಮದುವೆಯನ್ನು 5ನೇ ಕಲಮಿನಲ್ಲಿ ಹೇಳಿದವರೇ ನೆರವೇರಿಸಬೇಕು, ಇಲ್ಲದಿದ್ದರೆ ಅಸಿಂಧು. ಆ ಪಟ್ಟಿಯಲ್ಲಿ ಬಿಷಪರಿಂದ ಅಭಿಷೇಕಗೊಂಡವರು, ಸರ್ಕಾರದ ಪರವಾನಗಿ ಪಡೆದ ಸಭಾಪಾಲಕರು, ಮದುವೆ ರಿಜಿಸ್ಟ್ರಾರ್ ಮುಂತಾದವರಿದ್ದಾರೆ. ಮನೆಕೂಟದ ಹಿರಿಯರಿಗೆ ಪರವಾನಗಿ ಇಲ್ಲದಿದ್ದರೆ ಪ್ರಾರ್ಥನೆ ಅವರಿಂದ ಆಗಲಿ, ಮದುವೆ ಬೇರೆ ಕಡೆ ಆಗಲಿ. 1954ರ ವಿಶೇಷ ವಿವಾಹ ಕಾಯ್ದೆಯೇ ಸುಲಭ. ಇಬ್ಬರಲ್ಲಿ ಒಬ್ಬರು ಕನಿಷ್ಠ 30 ದಿನ ವಾಸವಿರುವ ಜಿಲ್ಲೆಯಲ್ಲಿ ನೋಟಿಸು, ಅದು ಗೋಡೆಗೆ ಅಂಟಿದ ಮೇಲೆ 30 ದಿನ ಕಾಯುವುದು, ಸಹಿಗೆ ಮೂವರು ಸಾಕ್ಷಿಗಳು. ನೋಟಿಸು ಕೊಟ್ಟ ದಿನದಿಂದ ಮೂರು ತಿಂಗಳೊಳಗೆ ಆಗದಿದ್ದರೆ ಮತ್ತೆ ಮೊದಲಿನಿಂದ. ಮನೆಯ ಪ್ರಾರ್ಥನೆಯ ದಿನವನ್ನು ಇದಕ್ಕೆ ಹೊಂದಿಸಿ ಇಟ್ಟುಕೊಳ್ಳಿ, ಕಾರ್ಡು ಅಚ್ಚು ಹಾಕಿಸಿದ ಮೇಲೆ ಓಡಾಡಬೇಡಿ.

ಇನ್ನೊಂದು. ಕಾಣಿಕೆ ಸಂಗ್ರಹ ಶುರುವಾದ ತಿಂಗಳೇ ಯಾರ ಖಾತೆಗೆ ಹಾಕುವುದು ಅನ್ನುವ ಪ್ರಶ್ನೆ ಬರುತ್ತದೆ. ಒಬ್ಬರ ಸ್ವಂತ ಖಾತೆಗೆ ಹಾಕಿದರೆ ಅದು ಅವರ ಹಣವಾಗಿ ಕಾಣುತ್ತದೆ, ಜಗಳಕ್ಕೂ ದಾರಿ. ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ 1960ರಡಿ ಸಂಘ ಮಾಡಲು ಕನಿಷ್ಠ ಏಳು ಜನ, ನಿಯಮಾವಳಿ, ವಾರ್ಷಿಕ ಸಭೆ, ಲೆಕ್ಕಪತ್ರ. ಸಭೆ ಬಿಟ್ಟು ಬಂದವರು ಮತ್ತೆ ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ!

ತಾಳೆಗರಿ:
ನಮ್ಮ ದೇಶದಲ್ಲಿ ಈ ಪ್ರಯೋಗಗಳು ಹಳೆಯವು. 1886ರಲ್ಲಿ ಮದ್ರಾಸಿನ ವೈದ್ಯ ಪಳನಿ ಆಂಡಿ ರಾಷ್ಟ್ರೀಯ ಸಭೆ ಅಂದರು. ಮರುವರ್ಷ ಕಲ್ಕತ್ತಾದಲ್ಲಿ ಕಾಳಿಚರಣ್ ಬ್ಯಾನರ್ಜಿ ಕ್ರಿಸ್ತೋ ಸಮಾಜ ಕಟ್ಟಿದರು. ಅಭಿಷೇಕವಾದ ಪಾದ್ರಿಗಳಿಲ್ಲ, ಪ್ರೇಷಿತರ ವಿಶ್ವಾಸ ಸಂಗ್ರಹ ಅನ್ನುವ ಹಳೆಯ ಚಿಕ್ಕ ನಂಬಿಕೆಯ ಘೋಷಣೆಯೊಂದೇ ಸಿದ್ಧಾಂತ. ಹತ್ತು ವರ್ಷವೂ ಬಾಳಲಿಲ್ಲ. ಆಂಧ್ರದ ಮುನಿಪಲ್ಲೆಯ ಶಾಲಾ ಮುಖ್ಯೋಪಾಧ್ಯಾಯ ಸುಬ್ಬರಾವ್ ಅವರದು ಇನ್ನೊಂದು ದಾರಿ. 1942ರಲ್ಲಿ ಕ್ರಿಸ್ತನ ದರ್ಶನವಾಯಿತು ಅಂದವರು ದೀಕ್ಷಾಸ್ನಾನವನ್ನೇ ವಿರೋಧಿಸಿದರು, ತೆಲುಗಿನಲ್ಲಿ ಭಜನೆ ಕಟ್ಟಿದರು.

ನಮ್ಮ ಘಟ್ಟದ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯನ್ನು ಇಲ್ಲಿ ಬಿಡುವಂತಿಲ್ಲ. 1883ರಲ್ಲಿ ಇಂಗ್ಲೆಂಡಿನ ವಾಂಟೇಜ್‌ನಲ್ಲಿ ಆಂಗ್ಲಿಕನ್ ಸನ್ಯಾಸಿನಿಯರ ಮಠದಲ್ಲಿದ್ದಾಗ ದೀಕ್ಷಾಸ್ನಾನ ಪಡೆದರು. ಆದರೆ ತ್ರಿಯೇಕತ್ವವನ್ನು (ಪಿತ, ಸುತ, ಪವಿತ್ರಾತ್ಮ ಮೂವರೂ ಒಂದೇ ದೇವರು ಅನ್ನುವುದನ್ನು) ಯಾರೋ ಹೇಳಿದರು ಅಂತ ಒಪ್ಪುವುದಿಲ್ಲ, ಒಂದು ಪಂಗಡಕ್ಕೆ ಕಟ್ಟುಬೀಳುವುದಿಲ್ಲ ಅಂತ ಸಿಸ್ಟರ್ ಜೆರಾಲ್ಡಿನ್ ಜತೆ ವರ್ಷಗಟ್ಟಲೆ ಪತ್ರದಲ್ಲಿ ವಾದಿಸಿದರು. ಹೆಂಗಸರು ಮಕ್ಕಳಿಗಾಗಿ ಅವರು ಕೇಡಗಾಂವ್‌ನಲ್ಲಿ ನಡೆಸಿದ ಮುಕ್ತಿ ಎಂಬ ಆಶ್ರಯಧಾಮ ಯಾವ ಪಂಗಡದ್ದೂ ಆಗಲಿಲ್ಲ. ಆದರೂ ಅದಕ್ಕೆ ಪ್ರಾರ್ಥನಾಲಯ, ಶಾಲೆ, ಅಚ್ಚುಕೂಟ, ಕೆಲಸದ ಪಾಳಿ ಎಲ್ಲ ಬೇಕಾಯಿತು. ಬರಗಾಲದಿಂದ ಬಂದ ಸಾವಿರಕ್ಕೂ ಹೆಚ್ಚು ಹೆಂಗಸರಿಗೆ ಮಕ್ಕಳಿಗೆ ಅನ್ನ ಹಾಕಬೇಕಲ್ಲ.

ದೀಕ್ಷಾಸ್ನಾನ ಪಡೆಯದೆ ಉಳಿಯುವುದಕ್ಕೆ ಯಾವಾಗಲೂ ತತ್ವವೇ ಕಾರಣ ಅಂದುಕೊಳ್ಳಬೇಡಿ. 1950ರ ಪರಿಶಿಷ್ಟ ಜಾತಿಗಳ ಆದೇಶದ 3ನೇ ಪ್ಯಾರಾ ಹಿಂದೂಗಳನ್ನು ಬಿಟ್ಟರೆ 1956ರಿಂದ ಸಿಖ್ಖರನ್ನು, 1990ರಿಂದ ಬೌದ್ಧರನ್ನು ಒಳಗೆ ತಂದಿದೆ, ಕ್ರೈಸ್ತರನ್ನಲ್ಲ. ರಿಜಿಸ್ಟರಿನಲ್ಲಿ ಹೆಸರು ಬಿದ್ದರೆ ಜಾತಿ ಪ್ರಮಾಣಪತ್ರ ಹೋಗುತ್ತದೆ. ಎಷ್ಟೋ ಮನೆಗಳಲ್ಲಿ ಸಭೆ ಇಲ್ಲದ ನಂಬಿಕೆ ಅಂದರೆ ದಾಖಲೆ ಇಲ್ಲದ ನಂಬಿಕೆ.

ಉಪ್ಪಿನಂಗಡಿ ಸಾಲು:
ಸರಿ, ಯಾರಾದರೂ ನಿಜಕ್ಕೂ ಮನೆಯಲ್ಲಿ ಕೂಡುತ್ತೇವೆ ಅಂದರೆ ಎಲ್ಲಿ ಕೆಡುತ್ತದೆ ಅಂತ ಹೇಳಿಬಿಡುತ್ತೇನೆ.

ಎಂಟರಿಂದ ಹನ್ನೆರಡು ಜನ ಸಾಕು. ಹದಿನೈದು ದಾಟಿದರೆ ಇಬ್ಬರು ಮಾತಾಡುತ್ತಾರೆ, ಉಳಿದವರು ಕೇಳುತ್ತಾರೆ, ಚರ್ಚು ಶುರುವಾಯಿತು ಅಂತಲೇ ಅರ್ಥ. ಒಂದೇ ಪುಸ್ತಕ ಹಿಡಿದು ಮೊದಲಿಂದ ಕೊನೆಯವರೆಗೆ ಓದಿ, ವಾರಕ್ಕೆ 15–20 ವಚನ. ಮಾರ್ಕನ 16 ಅಧ್ಯಾಯ ಹೀಗೆ ಓದಿದರೆ ಹತ್ತಿರ ಹತ್ತಿರ ಎಂಟು–ಹತ್ತು ತಿಂಗಳು. ಇಷ್ಟಬಂದ ವಚನ ಆರಿಸಿ ಓದುವ ಗುಂಪು ಆರು ತಿಂಗಳಲ್ಲಿ ಅದೇ ಹತ್ತು ವಚನಗಳ ಸುತ್ತ ತಿರುಗುತ್ತಿರುತ್ತದೆ. ಸತ್ಯವೇದದ ಹಳೆಯ ಅನುವಾದ ಒಂದು, ಹೊಸದೊಂದು ಎದುರುಬದುರು ಇಟ್ಟುಕೊಳ್ಳಿ. ಎರಡೂ ಬೇರೆಯಾದ ಕಡೆಯೇ ಒಳ್ಳೆಯ ಪ್ರಶ್ನೆ ಹುಟ್ಟುವುದು. ಓದಿಸುವವರು ಪ್ರತಿ ವಾರ ಬದಲಾಗಲಿ. ಬದಲಾಗದಿದ್ದರೆ ಚೆನ್ನಾಗಿ ಮಾತಾಡುವವರೇ ಮೂರು ತಿಂಗಳಲ್ಲಿ ಬಿರುದಿಲ್ಲದ ಪಾಸ್ಟರ್ ಆಗುತ್ತಾರೆ. ಬಿರುದಿದ್ದವರನ್ನಾದರೂ ಮೇಲಿನವರು ವರ್ಗ ಮಾಡಬಹುದು, ಇವರನ್ನು ಯಾರು ಮಾಡುವುದು?

ಮನೆಯೂ ಬದಲಾಗಲಿ. ಒಂದೇ ಮನೆಯಾದರೆ ಆ ಮನೆಯವರ ಜತೆ ಮನಸ್ತಾಪವಾದ ದಿನ ಕೂಟವೇ ಹೋಗುತ್ತದೆ. ತಿಂಡಿಗೆ ಮಿತಿ ಹಾಕಿ, ಕಾಫಿ ಮತ್ತು ಒಂದು ಕರಿದದ್ದು. ಉಪ್ಪಿಟ್ಟಿನಿಂದ ಶುರುವಾದದ್ದು ಬಿರಿಯಾನಿಗೆ ಏರಿದರೆ ಕೈಲಾಗದ ಮನೆಯವರು ನೆಪ ಹೇಳಿ ನಿಂತುಬಿಡುತ್ತಾರೆ. ಮಕ್ಕಳ ಪಾಠಕ್ಕೆ ಯಾವಾಗಲೂ ಇಬ್ಬರು ದೊಡ್ಡವರಿರಲಿ, ಬಾಗಿಲು ತೆರೆದಿರಲಿ. ಇದನ್ನು 'ನಮ್ಮವರೇ ತಾನೆ' ಅಂತ ಸಡಿಲ ಬಿಡಬೇಡಿ. ಹಣ ಕೂಡಿಡಬೇಡಿ. ಯಾರಿಗಾದರೂ ಕಷ್ಟ ಬಂದರೆ ಆ ವಾರವೇ ಎತ್ತಿ, ಆ ವಾರವೇ ಕೊಟ್ಟು ಮುಗಿಸಿ.

ಎಲ್ಲ ಸರಿ ಮಾಡಿದರೂ ಮಕ್ಕಳ ಮುಂದೆ ಸೋಲುತ್ತೀರಿ. ಸಭೆಯೊಳಗೆ ಬೆಳೆದು ಹೊರಬಂದವರಿಗೆ ಹಾಡು, ಹಬ್ಬ, ಕ್ರಿಸ್ಮಸ್ ಗೋದಲಿ ಎಲ್ಲ ಒಳಗೆ ತುಂಬಿರುತ್ತದೆ, ಅದನ್ನು ಖರ್ಚು ಮಾಡುತ್ತ ಬದುಕುತ್ತಾರೆ. ಮಕ್ಕಳ ಕೈಯಲ್ಲಿ ಆ ಇಡುಗಂಟು ಇರುವುದಿಲ್ಲ. ಪಂಚಾಂಗ ಬೇಕೇ ಬೇಕು, ಚೋಕಾತಾನ ಹಾಗೆ ಒಬ್ಬರಾದರೂ ಅದನ್ನು ನೋಡಿಕೊಳ್ಳಬೇಕು.

ಕೆಂಪು ಶಾಯಿ:
ಎದುರುಬದುರು ಇಡುವ ಆ ಎರಡು ಅನುವಾದಗಳೂ ಸಂಸ್ಥೆಯವೇ. ಇಡೀ ಕನ್ನಡ ಬೈಬಲ್ ಮೊದಲು ಹೊರಟದ್ದು ಬಳ್ಳಾರಿಯಲ್ಲಿದ್ದ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಜತೆಗಾರರ ವರ್ಷಗಳ ದುಡಿಮೆಯಿಂದ. ಹೊಸ ಒಡಂಬಡಿಕೆಯ 27 ಪುಸ್ತಕ ಇವೇ ಅಂತ ಪಟ್ಟಿ ಬರೆದದ್ದು ಅಲೆಕ್ಸಾಂಡ್ರಿಯಾದ ಬಿಷಪ್ ಅಥನೇಸಿಯಸ್, 367ರ ಈಸ್ಟರ್ ಪತ್ರದಲ್ಲಿ. ಇಡೀ ಬೈಬಲ್ಲಿಗೆ ಪ್ರಾಟೆಸ್ಟಂಟರ 66 ಪುಸ್ತಕವೋ ಕಥೋಲಿಕರ 73 ಪುಸ್ತಕವೋ ಅನ್ನುವುದನ್ನೂ ನಿಮ್ಮ ಕಪಾಟಿನ ಪ್ರತಿ ಆಗಲೇ ತೀರ್ಮಾನಿಸಿರುತ್ತದೆ.

ಮೊಗ್ಗಿನ ಜಡೆ:
ಕೊನೆಗೆ ಮಣ್ಣಿಗೆ ಎಲ್ಲಿ? ನಮ್ಮಲ್ಲಿ ಜನ ಸಭೆಗೆ ಹೆದರುವುದು ಅದೊಂದಕ್ಕೇ ಅಲ್ಲವೇ.

ಕಾನೂನು ಕಟ್ಟೆ:
ಅಲ್ಲೇ ಎಲ್ಲ ಲೆಕ್ಕ ನಿಲ್ಲುವುದು ಮೇಡಂ. ನಂಬಿಕೆಯನ್ನು ಕಾನೂನು ಕೇಳದಿದ್ದರೂ ಸ್ಮಶಾನದ ಬೀಗದ ಕೈ ಇರುವುದು ಸಭೆಯ ಹತ್ತಿರ. ಹೆಚ್ಚಿನ ಕಡೆ ಮೊದಲು ಕೇಳುವುದು ಸದಸ್ಯತ್ವ ಮತ್ತು ಚಂದಾ ಬಾಕಿ. 2025ರ ಜನವರಿ 27ರಂದು ಛತ್ತೀಸ್‌ಗಢದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಮೂರ್ತಿಗಳು ಭಿನ್ನವಾಗಿ ತೀರ್ಪು ಕೊಟ್ಟರು. ಸ್ವಂತ ಜಮೀನಿನಲ್ಲಿ ಹೂಳಲು ಬಿಡಬಹುದು ಅಂತ ಒಬ್ಬರು, ಕ್ರೈಸ್ತರಿಗೆ ಗೊತ್ತುಮಾಡಿದ ಜಾಗದಲ್ಲೇ ಅಂತ ಇನ್ನೊಬ್ಬರು. ಶವ ಅಷ್ಟರಲ್ಲಿ ಮೂರು ವಾರ ಶವಾಗಾರದಲ್ಲಿತ್ತು. ಕೊನೆಗೆ 20 ಕಿಲೋಮೀಟರಿಗೂ ಆಚೆಯ ಕ್ರೈಸ್ತ ಸ್ಮಶಾನದಲ್ಲಿ ಹೂಳಲು ಇಬ್ಬರೂ ಸೇರಿ ಆದೇಶಿಸಿದರು.

ಮಾಡಬಹುದಾದದ್ದು ಇಷ್ಟು. ಕುಟುಂಬದ ಹಳೆಯ ಗುಂಡಿಯ ಹಕ್ಕು ಇದ್ದರೆ ಅದರ ಕಾಗದ, ರಸೀದಿ ಹುಡುಕಿ ಇಡಿ. ಸಭೆಗೆ ಹೋಗದಿದ್ದರೂ ಹೆಸರು ತೆಗೆಸಬೇಡಿ, ವರ್ಷದ ಚಂದಾ ಕಟ್ಟಿ. ದಹನಕ್ಕೆ ಮನಸ್ಸಿದ್ದರೆ ಕಥೋಲಿಕರಿಗೂ 1963ರಿಂದ ಅಡ್ಡಿಯಿಲ್ಲ, ಬೂದಿ ಚೆಲ್ಲಬಾರದು ಅನ್ನುವ ನಿಯಮ ಮಾತ್ರ ಇದೆ. ಪುರಸಭೆಯ ವಿದ್ಯುತ್ ಚಿತಾಗಾರ ಯಾರ ಸದಸ್ಯತ್ವವನ್ನೂ ಕೇಳುವುದಿಲ್ಲ. ಇಷ್ಟವನ್ನು ಉಯಿಲಿನಲ್ಲಿ ಮಾತ್ರ ಬರೆದಿಡಬೇಡಿ, ಉಯಿಲು ಬಿಚ್ಚುವುದು ಮಣ್ಣು ಮುಗಿದ ಮೇಲೆ. ಬೇರೆ ಹಾಳೆಯಲ್ಲಿ ಬರೆದು, ಆ ದಿನ ಓಡಾಡುವವರು ಯಾರೋ ಅವರ ಕೈಗೆ ಈಗಲೇ ಕೊಡಿ.